ಮನಸಾಗೇತಿ, ಮನಸಿಲ್ಲ: ಬಾಗಲಕೋಟೆ ಪರಿಸರದ ಜನಪದ ಹಾಡುಗಳಲ್ಲಿ ಒಮ್ಮುಖ ಒಲವಿನ ವ್ಯಾಕರಣ

ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ಲ ಪರಿಸರದ ಬೀಸುಕಲ್ಲಿನ ಪದಗಳಲ್ಲಿ ಒಲವಿನ ನೋವನ್ನು ಹೇಳುವ ಹೆಣ್ಣು ವ್ಯಾಕರಣದ ದೃಷ್ಟಿಯಿಂದ ಎಲ್ಲಿ ನಿಂತಿರುತ್ತಾಳೆ? ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ವಿವೇಚಿಸುತ್ತೇವೆ. ಇಲ್ಲಿನ ಉದಾಹರಣೆಗಳು ಹಾಡಿನ ಸಾಲುಗಳಲ್ಲ; ಈ ಭಾಗದ ಆಡುನುಡಿಯನ್ನು ಅನುಸರಿಸಿ ನಾವು ರಚಿಸಿಕೊಂಡ ವಾಕ್ಯಗಳು.

(1) ನನಗ ಅವನ ಮ್ಯಾಲ ಮನಸಾಗೇತಿ.
(2) ಅವಗ ನನ್ನ ಮ್ಯಾಲ ಮನಸಿಲ್ಲ.

ಮೊದಲ ವಾಕ್ಯದಲ್ಲಿ ಒಲಿದವಳು ಚತುರ್ಥಿ ವಿಭಕ್ತಿಯಲ್ಲಿದ್ದಾಳೆ. ಒಲವಿಗೆ ಗುರಿಯಾದವನು 'ಮ್ಯಾಲ' ಎಂಬ ಪದದ ಆಶ್ರಯದಲ್ಲಿದ್ದಾನೆ. ಕ್ರಿಯಾಪದವು ಇವರಿಬ್ಬರಿಗೂ ಹೊಂದಿಕೊಳ್ಳದೆ, ನಪುಂಸಕಲಿಂಗದ 'ಮನಸ್ಸಿ'ಗೆ ಹೊಂದಿಕೊಳ್ಳುತ್ತದೆ. ಅಂದರೆ ಒಲವು ಆಕೆ ಮಾಡಿದ ಕ್ರಿಯೆಯಲ್ಲ, ಆಕೆಗೆ ಆದದ್ದು. ಎರಡನೆಯ ವಾಕ್ಯದ 'ಇಲ್ಲ' ಎಂಬ ರೂಪಕ್ಕೆ ಪುರುಷ, ಲಿಂಗ, ವಚನಗಳ ಹೊಂದಾಣಿಕೆಯಿಲ್ಲ. ಹೀಗಾಗಿ ನಿರಾಕರಣೆಯಲ್ಲಿಯೂ ನಿರಾಕರಿಸುವ ಕರ್ತೃ ಕಾಣಿಸುವುದಿಲ್ಲ.

ಈ ರಚನೆ ಕನ್ನಡಕ್ಕಷ್ಟೇ ಮೀಸಲಾದುದಲ್ಲ. ಒಲವಿನ ಸೋಲನ್ನು ಹಾಡುವ ಜನಪದ ಕಥನಗೀತೆಗಳ ಪರಂಪರೆಯುಳ್ಳ ಸ್ಪ್ಯಾನಿಶ್ ಭಾಷೆಯ 'ಮೆ ಗುಸ್ತಾಸ್' (ನೀನು ನನಗೆ ಹಿಡಿಸುತ್ತೀ) ಎಂಬಲ್ಲಿಯೂ ಅನುಭವಿಯು ಚತುರ್ಥಿಯಲ್ಲಿರುತ್ತಾನೆ. ಆದರೆ ಅಲ್ಲಿ ಕ್ರಿಯಾಪದವು ಒಲವಿಗೆ ಗುರಿಯಾದ ವ್ಯಕ್ತಿಗೆ ಹೊಂದಿಕೊಳ್ಳುತ್ತದೆ. 'ತೆ ಕಿಯೆರೊ' (ನಿನ್ನನ್ನು ಪ್ರೀತಿಸುತ್ತೇನೆ) ಎಂಬಲ್ಲಿ ಒಲಿದವರಿಗೆ ಹೊಂದಿಕೊಳ್ಳುತ್ತದೆ. ನಮ್ಮ (1)ನೆಯ ವಾಕ್ಯದಲ್ಲಿ ಎರಡೂ ಸಂಭವಿಸುವುದಿಲ್ಲ.

ಕನ್ನಡದಲ್ಲಿ ಪ್ರಥಮಾ ವಿಭಕ್ತಿಯ ಆಯ್ಕೆಯೂ ಉಂಟು:

(3) ನನಗ ಅವನ ನೆನಪಾಗೇತಿ.
(4) ನಾ ಅವನ್ನ ನೆನಸೀನಿ.

ನಾಲ್ಕನೆಯದರಲ್ಲಿ ನೆನೆಯುವ ಹೊಣೆ ಹೇಳುವವಳದು. ಮೂರನೆಯದರಲ್ಲಿ ಆ ಹೊಣೆಯಿಲ್ಲ. ಮನೆಮಂದಿ ಕೇಳುವಂತೆ ಬೀಸುತ್ತ ಹಾಡುವ ಹೆಣ್ಣಿಗೆ ಈ ವ್ಯತ್ಯಾಸ ಸಣ್ಣದಲ್ಲ. ಮಾಡಿದೆನೆಂದು ಹೇಳಲಾಗದ್ದನ್ನು ಆಯಿತೆಂದು ಹೇಳಲು ಚತುರ್ಥಿಯು ಅವಕಾಶ ಕೊಡುತ್ತದೆ ಎಂಬುದು ನಮ್ಮ ವಾದ.

ಛಂದಸ್ಸೂ ಇದಕ್ಕೆ ಪೂರಕವಾಗಿದೆ. ತ್ರಿಪದಿಯು ಈ ನೆಲದಲ್ಲಿ ಪ್ರಾಚೀನವಾದುದು. ಸುಮಾರು 700ರದೆಂದು ಎಣಿಸಲಾದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಅದು ದೊರೆಯುತ್ತದೆ. ಹನ್ನೊಂದು ಗಣಗಳ ಈ ಪದ್ಯವನ್ನು ಹಾಡುವಾಗ ಎರಡನೆಯ ಸಾಲು ಸಾಮಾನ್ಯವಾಗಿ ಆವರ್ತನೆಗೊಳ್ಳುತ್ತದೆ. ಆ ಸಾಲಿನಲ್ಲಿ 'ನನಗ' ಇದ್ದರೆ ಕೇಳುಗರು ಅದನ್ನು ಎರಡು ಬಾರಿ ಕೇಳುತ್ತಾರೆ.

ಹಲಸಂಗಿ ಗೆಳೆಯರ 'ಗರತಿಯ ಹಾಡು' (1931) ಪ್ರಕಟವಾದಂದಿನಿಂದ ಇಂಥ ಪದಗಳು ಬರಹಕ್ಕಿಳಿಯುತ್ತ, ಅನುವಾದಗೊಳ್ಳುತ್ತ ಬಂದಿವೆ. 'ನನಗ' ಎಂಬುದನ್ನು 'ನನಗೆ' ಎಂದು ತಿದ್ದಿದರೆ ಉಪಭಾಷೆಯ ರೂಪ ಅಳಿಯುತ್ತದೆ, ವಿಭಕ್ತಿ ಉಳಿಯುತ್ತದೆ. ಆದರೆ 'ನನಗ ಮನಸಾಗೇತಿ' ಎಂಬುದನ್ನು 'ನಾನು ಪ್ರೀತಿಸುತ್ತೇನೆ' ಎಂದು ಅರ್ಥೈಸಿದರೆ, ಹಾಡಿದವಳು ಒಪ್ಪಿಕೊಳ್ಳದ ಕರ್ತೃತ್ವವನ್ನು ಅವಳ ಮೇಲೆ ಹೊರಿಸಿದಂತಾಗುತ್ತದೆ. ಆದ್ದರಿಂದ ಕ್ಷೇತ್ರಕಾರ್ಯದ ಪಠ್ಯಗಳಿಗೆ ಪದಶಃ ಅರ್ಥ ಬರೆಯುವಾಗ ಚತುರ್ಥಿಯನ್ನೂ ಕ್ರಿಯಾಪದದ ಹೊಂದಾಣಿಕೆಯನ್ನೂ ಪ್ರತ್ಯೇಕವಾಗಿ ಗುರುತಿಸುವುದು ಅಗತ್ಯ.