ಗಾಜು ಉಳಿಸಿ, ಸೀಸ ಬದಲಿಸಿ

ಮಲೆ ಮಹದೇಶ್ವರ ಬೆಟ್ಟದಲ್ಲಿ ಮಾದಪ್ಪನ ದರ್ಶನ ಮುಗಿಸಿ ಹನೂರು, ಕೊಳ್ಳೇಗಾಲದ ಮೇಲೆ ಮೈಸೂರಿಗೆ ಬರುವ ಪರಸೆಯವರು ಅರಮನೆಯ ಕಲ್ಯಾಣ ಮಂಟಪದಲ್ಲಿ ಕತ್ತೆತ್ತಿ ನಿಂತುಬಿಡುತ್ತಾರೆ. ಮೇಲೆ ನವಿಲುಗಳ ಬಣ್ಣದ ಗಾಜಿನ ಚಾವಣಿ. ಹಳೆಯ ಅರಮನೆ 1897ರಲ್ಲಿ ಸುಟ್ಟ ಮೇಲೆ ಹೆನ್ರಿ ಇರ್ವಿನ್ ರೂಪಿಸಿದ ಹೊಸದು 1912ಕ್ಕೆ ಮುಗಿಯಿತು. ಆ ಗಾಜು ಗ್ಲಾಸ್ಗೋದಿಂದ ಬಂದದ್ದು. ಅದೇ ಊರಿನ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. ಅದರ ಕಿಟಕಿಗಳು ಫ್ರಾನ್ಸಿನವು.

ಇಂಥ ಕಿಟಕಿಯಲ್ಲಿ ಮೊದಲು ಸೋಲುವುದು ಗಾಜಲ್ಲ, ಅದನ್ನು ಹಿಡಿದ ಸೀಸದ ಪಟ್ಟಿ. ಅಡ್ಡ ಕತ್ತರಿಸಿ ನೋಡಿದರೆ ಇಂಗ್ಲಿಷಿನ ‘ಎಚ್’ ಅಕ್ಷರದಂತಿರುವ ಈ ಪಟ್ಟಿಯ ಎರಡೂ ತೋಡುಗಳಲ್ಲಿ ಗಾಜಿನ ಅಂಚು ಕೂರುತ್ತದೆ. ಸೀಸ ಮೆದು. ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ತನ್ನದೇ ಭಾರಕ್ಕೆ ಜಗ್ಗಿ, ಕೊನೆಗೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಕಬ್ಬಿಣದ ಸರಳಿಗೆ ಕಟ್ಟಿದ ತಾಮ್ರದ ತಂತಿ ಕಿತ್ತರೆ ಕಿಟಕಿಯ ಹೊಟ್ಟೆ ಉಬ್ಬುತ್ತದೆ.

ಆಗ ಕುಶಲಕರ್ಮಿ ಮೊದಲು ಫೋಟೊ ತೆಗೆಯುತ್ತಾನೆ. ಬಳಿಕ ಫಲಕದ ಮೇಲೆ ಕಾಗದ ಹಾಸಿ, ಮೇಣದ ಕಡ್ಡಿಯಿಂದ ಉಜ್ಜಿ, ಸೀಸದ ಗೆರೆಗಳ ಅಚ್ಚು ಪಡೆಯುತ್ತಾನೆ. ಪ್ರತಿ ತುಂಡಿಗೂ ನಂಬರ್. ಹಳೆಯ ಸೀಸ ಬಿಡಿಸಿ, ಗಾಜನ್ನು ಶುದ್ಧ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸುತ್ತಾನೆ. ಇಲ್ಲಿ ಆ್ಯಸಿಡ್ ಮುಟ್ಟಿಸುವುದು ಅಪರಾಧವೇ ಸರಿ: ಚಿತ್ರದಲ್ಲಿನ ಮುಖಗಳ ಗೆರೆಗಳೆಲ್ಲ ಲೋಹದ ಆಕ್ಸೈಡು, ಗಾಜಿನ ಪುಡಿ ಬೆರೆಸಿ ಬರೆದು, ಕುಲುಮೆಯಲ್ಲಿ ಸುಟ್ಟು ಕೂರಿಸಿದವು. ಸರಿಯಾಗಿ ಬೇಯದ ಗೆರೆಗಳು ಒಂದೇ ಉಜ್ಜಿಗೆ ಹೋಗುತ್ತವೆ. ಹಳದಿಯ ಕಥೆ ಬೇರೆ. ಅದು ಬಹುಪಾಲು ಬೆಳ್ಳಿಯ ಲವಣ ಗಾಜಿನೊಳಕ್ಕೇ ಇಳಿದು ಮೂಡಿದ ಬಣ್ಣ.

ಆಮೇಲೆ ಅಚ್ಚಿನ ಕಾಗದದ ಮೇಲೆ ಹೊಸ ಸೀಸದಲ್ಲಿ ಜೋಡಣೆ. ತುಂಡುಗಳು ಸರಿಯದಂತೆ ಕುದುರೆ ಲಾಳದ ಮೊಳೆ ಹೊಡೆದು, ಪಟ್ಟಿಗಳು ಕೂಡುವಲ್ಲಿ ತವರ–ಸೀಸದ ಬೆಸುಗೆ ಹಾಕುತ್ತಾರೆ. ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಹೋಳಿಗೆ ಕಣಕದಂತೆ ಕಲಸಿ ಸಂದುಗಳಿಗೆ ತುಂಬುತ್ತಾರೆ. ಮಳೆ ತಡೆಯುವುದೂ, ಫಲಕಕ್ಕೆ ಬಿಗಿ ಕೊಡುವುದೂ ಇದೇ.

ಇದರ ಬದಲು ಸಿಲಿಕೋನ್ ಹಚ್ಚಿದರೆ ಬೇಗ ಮುಗಿಯುವ ಕೆಲಸ, ನಿಜ. ಆದರೆ ಮುಂದೊಮ್ಮೆ ಬಿಚ್ಚುವವನಿಗೆ ಅದು ಶಾಪ. ಸೀಸದ ಕೆಲಸದ ದೊಡ್ಡತನವೇ ಬಿಚ್ಚಿ ಮತ್ತೆ ಕಟ್ಟಬಹುದು ಎನ್ನುವುದರಲ್ಲಿದೆ. ಬೆಂಗಳೂರಿನ ಸಂತ ಮೇರಿ ಬೆಸಿಲಿಕಾದ ಬಣ್ಣದ ಕಿಟಕಿಗಳನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಕಳಚಿಟ್ಟು, 1947ರಲ್ಲಿ ಮತ್ತೆ ಕೂರಿಸಿದರು.

ದುರಸ್ತಿಯಾದ ಕಿಟಕಿಯ ಹೊರಗೆ ಈಗ ಹಲವೆಡೆ ಸಾದಾ ಗಾಜಿನ ಇನ್ನೊಂದು ಪರದೆ ಹಾಕುತ್ತಾರೆ. ನಡುವೆ ಗಾಳಿಯಾಡಲು ಸಂದು ಬಿಡಲೇಬೇಕು. ಇಲ್ಲದಿದ್ದರೆ ಒಳಗೆ ತೇವ ಕಟ್ಟಿ ಬಣ್ಣದ ಗೆರೆಗಳನ್ನೇ ತಿನ್ನುತ್ತದೆ.