28 ದಿನ, 84 ದಿನ

ವೈದ್ಯನು ಸಲಹೆಯನ್ನು ಬದಲಿಸುವುದು ದೋಷವಲ್ಲ. ಋತು ಬದಲಾದರೆ ಪಥ್ಯ ಬದಲಾಗುತ್ತದೆ, ಅಗ್ನಿಬಲ ಕುಗ್ಗಿದರೆ ಮಾತ್ರೆಯ ಪ್ರಮಾಣ ಇಳಿಯುತ್ತದೆ. ಆದರೆ ಹೇಳಿದ ಕಾರಣ ಒಂದು, ನಡೆಸಿದ ಕಾರಣ ಇನ್ನೊಂದು ಎಂಬ ಅನುಮಾನ ರೋಗಿಯಲ್ಲಿ ಮೂಡಿದರೆ ಮುಂದಿನ ಸರಿಯಾದ ಸಲಹೆಯೂ ಅವನಿಗೆ ನಾಟುವುದಿಲ್ಲ. ಕೋವಿಶೀಲ್ಡ್ ಲಸಿಕೆಯ ವಿಷಯದಲ್ಲಿ ಆದದ್ದು ಇದೇ.

2021ರ ಜನವರಿ 16ರಂದು ನಮ್ಮ ದೇಶದಲ್ಲಿ ಲಸಿಕೆ ಆರಂಭವಾದಾಗ ಎರಡು ಡೋಸುಗಳ ನಡುವಣ ಅಂತರ 4ರಿಂದ 6 ವಾರ. ಮಾರ್ಚ್‌ನಲ್ಲಿ ಅದು 8 ವಾರದವರೆಗೆ ವಿಸ್ತರಿಸಿತು. ಮೇ 13ರಂದು 12ರಿಂದ 16 ವಾರವಾಯಿತು. ಬ್ರಿಟನ್ನಿನ ಅನುಭವವೇ ಇದಕ್ಕೆ ಆಧಾರವೆಂದು ಕೇಂದ್ರ ಸರ್ಕಾರ ತಿಳಿಸಿತು. ಅಂತರ ಹೆಚ್ಚಿದರೆ ರಕ್ಷಣೆ ಬಲಗೊಳ್ಳುವುದೆಂಬುದು ಸುಳ್ಳೇನಲ್ಲ. ಆಕ್ಸ್‌ಫರ್ಡ್ ಸಂಶೋಧಕರ ಅಧ್ಯಯನದಲ್ಲಿ, 6 ವಾರಕ್ಕಿಂತ ಕಡಿಮೆ ಅಂತರದಲ್ಲಿ ಸುಮಾರು ಶೇ. 55ರಷ್ಟಿದ್ದ ಪರಿಣಾಮವು 12 ವಾರ ಮೀರಿದಾಗ ಶೇ. 81ಕ್ಕೆ ಏರಿತ್ತು. ಆದರೆ ಆ ಅಂಕಿಗಳು ಫೆಬ್ರವರಿಯಲ್ಲಿಯೇ ಪ್ರಕಟವಾಗಿದ್ದವು. ಮೇ ತಿಂಗಳಲ್ಲಿ ಎಲ್ಲರ ಕಣ್ಣಿಗೂ ಕಂಡದ್ದು ಲಸಿಕೆಯ ಕೊರತೆ. ಕರ್ನಾಟಕದಲ್ಲಿ 18ರಿಂದ 44 ವಯಸ್ಸಿನವರ ಲಸಿಕೆಯನ್ನು ಮೇ 14ರಿಂದ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದೇ ದಿನ ಬ್ರಿಟನ್, ಡೆಲ್ಟಾ ರೂಪಾಂತರಿಯ ಭೀತಿಯಿಂದ, 50 ವರ್ಷ ಮೀರಿದವರಿಗೆ ಅಂತರವನ್ನು 12ರಿಂದ 8 ವಾರಕ್ಕೆ ಇಳಿಸುವುದಾಗಿ ಘೋಷಿಸಿತು!

ಜೂನ್ 7ರಂದು ಮತ್ತೊಂದು ಸೂಚನೆ ಬಂದಿತು. ಓದಿಗೆ, ಉದ್ಯೋಗಕ್ಕೆ, ಟೋಕಿಯೊ ಒಲಿಂಪಿಕ್ಸ್‌ಗೆ ವಿದೇಶಕ್ಕೆ ಹೊರಟವರಿಗೆ 28 ದಿನ ಕಳೆದರೆ ಸಾಕು. ಆ ರಿಯಾಯಿತಿ ಅಗತ್ಯವಾಗಿತ್ತು, ಒಪ್ಪುತ್ತೇವೆ. ಆದರೆ ವಿಮಾನ ಏರುವ ಮೊಮ್ಮಗನಿಗೆ 28 ದಿನ, ಹೊಲದಲ್ಲಿರುವ ಅಜ್ಜನಿಗೆ 84 ದಿನ ಎಂದರೆ ಅಜ್ಜ ಏನೆಂದು ತಿಳಿಯಬೇಕು? “ಔಷಧದ ಗುಣ ಬದಲಾಯಿತೋ, ದಾಸ್ತಾನು ಮುಗಿಯಿತೋ?” ಎಂದು ನಮ್ಮ ಚಿಕಿತ್ಸಾಲಯದಲ್ಲಿ ಕೇಳಿದವರನ್ನು ಅಜ್ಞಾನಿಗಳೆನ್ನಲು ನಮಗೆ ಮನಸ್ಸಾಗಲಿಲ್ಲ. ಅದೇ ಜೂನ್‌ನಲ್ಲಿ ಸಲಹಾ ಸಮಿತಿಯ ಕೆಲವು ಸದಸ್ಯರೇ, 12 ವಾರದ ಆಚೆಗೆ ಆಧಾರವಿರಲಿಲ್ಲವೆಂದು ಬಹಿರಂಗವಾಗಿ ನುಡಿದರು. ನಿರ್ಧಾರ ಸರ್ವಾನುಮತದ್ದೆಂದು ಸರ್ಕಾರ ಸಮರ್ಥಿಸಿಕೊಂಡಿತು.

2020ರ ಡಿಸೆಂಬರ್ ಕೊನೆಯಲ್ಲಿ ಬ್ರಿಟನ್ ಇದಕ್ಕಿಂತ ಕಡಿಮೆ ಆಧಾರದ ಮೇಲೆ ಅಂತರವನ್ನು 12 ವಾರಕ್ಕೆ ಏರಿಸಿತ್ತು. ಹೆಚ್ಚು ಜನರಿಗೆ ಬೇಗನೆ ಮೊದಲ ಡೋಸು ದೊರೆಯಲಿ ಎಂಬುದೇ ಉದ್ದೇಶವೆಂದು ಅಲ್ಲಿನ ಮುಖ್ಯ ವೈದ್ಯಾಧಿಕಾರಿಗಳು ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ನಮ್ಮ ಭಾವಪ್ರಕಾಶದಲ್ಲಿಯೂ ಮೇದಾ ದೊರೆಯದಿದ್ದರೆ ಶತಾವರಿ, ಕಾಕೋಲಿ ದೊರೆಯದಿದ್ದರೆ ಅಶ್ವಗಂಧ ಎಂದಿದೆ. ಶಾಸ್ತ್ರಕಾರರು ಅಭಾವವನ್ನು ಅಭಾವವೆಂದೇ ಕರೆದರು. ಶತಾವರಿಯೇ ಮೇಲೆಂದು ನಟಿಸಲಿಲ್ಲ.

2022ರ ಮಾರ್ಚ್‌ನಲ್ಲಿ, ಲಸಿಕೆ ಧಾರಾಳವಾಗಿ ದೊರೆಯುತ್ತಿದ್ದಾಗ, ಸಲಹಾ ಸಮಿತಿಯು ಅಂತರವನ್ನು 8ರಿಂದ 16 ವಾರವೆಂದು ಮತ್ತೆ ತಿದ್ದಿತು. ಆ ವೇಳೆಗೆ ನಮ್ಮಲ್ಲಿಗೆ ಬರುವವರಲ್ಲಿ ಯಾರೂ ಕಾರಣ ಕೇಳಲಿಲ್ಲ.