ಅರವತ್ತು ಕಿಲೋಮೀಟರಿಗೆ ಮೂರು ದಿನ

ಫ್ರಾನ್ಸಿನ ಡಿಜಾನ್ ನಗರದಿಂದ ದಕ್ಷಿಣಕ್ಕೆ ಸಾಂತ್ನೆ ಎಂಬ ಹಳ್ಳಿಗೆ ಸುಮಾರು 60 ಕಿಲೋಮೀಟರ್. ಮನಸ್ಸು ಮಾಡಿದರೆ ಊಟಕ್ಕೆ ಮುಂಚೆ ಹೋಗಿ ಬಂದುಬಿಡಬಹುದು. ನಮಗೆ ಮೂರು ದಿನ ಹಿಡಿಯಿತು. ಅಷ್ಟಾದರೂ ಕೊನೆಯ ದಿನ ಅವಸರವಾಯಿತು.

ಬರ್ಗಂಡಿಯ ದ್ರಾಕ್ಷಿತೋಟಗಳ ನಡುವೆ ಹಾಯುವ ಈ ದಾರಿಗೆ ‘ರೂತ್ ದೆ ಗ್ರಾಂ ಕ್ರು’ ಎಂದು ಹೆಸರು. ಡಿ974 ಎಂಬ ದೊಡ್ಡ ರಸ್ತೆ ಬಿಟ್ಟು ಡಿ122ಕ್ಕೆ ಹೊರಳಿದರೆ ಜೆವ್ರೆ, ಮೊರೆ, ಶಾಂಬೊಲ್, ವೂಜೊ ಹಳ್ಳಿಗಳು ಒಂದರ ಬೆನ್ನಿಗೊಂದು. ಕಲ್ಲುಗೋಡೆಗಳ ಸಂದಿಯಲ್ಲಿ ಕಾರು ನುಸುಳಬೇಕು. ಬಾಡಿಗೆಗೆ ಚಿಕ್ಕ ಕಾರನ್ನೇ ತೆಗೆದುಕೊಳ್ಳಿ.

ಎಡಕ್ಕೆ ಬಯಲು, ಬಲಕ್ಕೆ ಉದ್ದಕ್ಕೂ ಗುಡ್ಡದ ಇಳಿಜಾರು. ಇಲ್ಲಿನ ಕಥೆಯೆಲ್ಲ ಆ ಇಳಿಜಾರಿನದೇ. ನೆತ್ತಿಯಲ್ಲಿ ಮಣ್ಣು ತೆಳು, ಗಾಳಿ ತಣ್ಣಗೆ. ಬುಡದಲ್ಲಿ ಜೇಡಿ, ನೀರು ನಿಲ್ಲುತ್ತದೆ. ನಡುವಿನ ಪಟ್ಟಿಯಲ್ಲಿ ಸುಣ್ಣಕಲ್ಲು ಬೆರೆತ ಮಣ್ಣು. ಮಳೆ ನೀರು ಬಸಿದುಹೋಗುತ್ತದೆ, ಪೂರ್ವಕ್ಕೆ ಮುಖ ಮಾಡಿದ್ದರಿಂದ ಎಳೆಬಿಸಿಲು ಮೈಮೇಲೆಯೇ ಬೀಳುತ್ತದೆ. ದುಬಾರಿ ವೈನ್‌ಗಳು ಬರುವುದು ಹೆಚ್ಚಾಗಿ ಆ ಪಟ್ಟಿಯಿಂದ.

ನಮ್ಮ ಹಳ್ಳಿಗಳಲ್ಲಿ ‘ಹುಣಸೆಮರದ ಹೊಲ’, ‘ಕೆರೆಹಿಂದಿನ ಗದ್ದೆ’ ಎನ್ನುತ್ತೇವಲ್ಲ, ಹಾಗೆ ಇಲ್ಲಿ ಒಂದೊಂದು ತುಂಡಿಗೂ ಒಂದೊಂದು ಹೆಸರು. ಆ ತುಂಡನ್ನು ಅವರು ‘ಕ್ಲಿಮಾ’ ಎನ್ನುತ್ತಾರೆ. ಇಂಥ 1,247 ತುಂಡುಗಳ ಸೀಮೆ 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಒಳ್ಳೆಯ ಬಾಟಲಿಯ ಮೇಲೆ ದೊಡ್ಡಕ್ಷರದಲ್ಲಿ ಇರುವುದು ಹೊಲದ ಹೆಸರು. ದ್ರಾಕ್ಷಿ ಯಾವ ಜಾತಿ ಎಂದು ಬರೆಯುವ ಗೋಜಿಗೆ ಹೋಗುವವರು ಕಡಿಮೆ. ಕೆಂಪಾದರೆ ಪಿನೊ ನ್ವಾರ್, ಬಿಳಿಯಾದರೆ ಶಾರ್ಡೊನೆ. ಅದು ಎಲ್ಲರಿಗೂ ಗೊತ್ತು ಎಂಬ ಗತ್ತು. ಈ ಗತ್ತು ಹಳೆಯದು. ಇಳುವರಿ ಜಾಸ್ತಿ ಕೊಡುವ ಗಾಮೆ ಬಳ್ಳಿಯನ್ನು ಕಿತ್ತುಹಾಕಿ ಎಂದು ಇಲ್ಲಿನ ಡ್ಯೂಕ್ ಫಿಲಿಪ್ 1395ರಲ್ಲೇ ಹುಕುಂ ಹೊರಡಿಸಿದ್ದ.

ವೂಜೊದಲ್ಲಿ ಅರ್ಧ ದಿನ ಕಳೆದೆವು. ಸಿಸ್ಟರ್ಷಿಯನ್ ಸನ್ಯಾಸಿಗಳು ಕಟ್ಟಿದ ಗೋಡೆಯೊಳಗೆ ಸುಮಾರು 50 ಹೆಕ್ಟೇರ್ ದ್ರಾಕ್ಷಿತೋಟ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ನೂರ ಇಪ್ಪತ್ತೈದು ಎಕರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮಾರಾಟವಾಗಿ, ಆಮೇಲೆ ಪಾಲಾಗಿ, ಈಗ ಎಂಬತ್ತಕ್ಕೂ ಹೆಚ್ಚು ಒಡೆಯರು. ಕೆಲವರಿಗೆ ಬರೀ ನಾಲ್ಕಾರು ಸಾಲು ಬಳ್ಳಿ. ನಮ್ಮ ಪಹಣಿಯಲ್ಲಿ ಹಿಸ್ಸೆಯಾಗಿ ಗುಂಟೆಗೆ ಇಳಿದ ಹೊಲ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಇಲ್ಲಿ ಗುಂಟೆಯೇ ಶ್ರೀಮಂತಿಕೆ. ಗೋಡೆ ಒಂದೇ, ಹೆಸರು ಒಂದೇ. ಆದರೆ ಮೇಲಿನ ಸಾಲಿನವನ ವೈನ್ ಬೇರೆ, ರಸ್ತೆ ಪಕ್ಕದವನದು ಬೇರೆ. ಹೆಸರು ನೋಡಿ ಕೊಂಡು ಮೋಸಹೋಗಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಮುಂದಿನ ಊರಿನಲ್ಲೇ ರೊಮಾನೆ-ಕಾಂತಿ ಎಂಬ ತೋಟ. ಒಂದು ಕಲ್ಲಿನ ಶಿಲುಬೆ, ಮೊಣಕಾಲೆತ್ತರದ ಗೋಡೆ, ನಾಲ್ಕೂವರೆ ಎಕರೆ, ಅಷ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಬೇರುಹುಳು ಯುರೋಪಿನ ತೋಟಗಳನ್ನು ತಿಂದುಹಾಕಿತು. ಅಮೆರಿಕದ್ದೇ ಕಾಡುಬಳ್ಳಿಯ ಬೇರಿಗೆ ಕಸಿ ಕಟ್ಟಿದ ಮೇಲೆ ಉಳಿವು ಕಂಡದ್ದು. (ವಿಜಯಪುರದ ದ್ರಾಕ್ಷಿ ಬೆಳೆಗಾರರು ಕಸಿಗೆ ಬಳಸುವ ಡಾಗ್‌ರಿಡ್ಜ್ ಕೂಡ ಅಮೆರಿಕದ ಬಳ್ಳಿಯೇ, ಅವರಿಗೆ ಅದು ಬೇಕಾದದ್ದು ಬರ, ಸವಳು ತಾಳಲು.) ಈ ತುಂಡು ಮಾತ್ರ ಕಸಿಗೆ ಒಪ್ಪದೆ ಸ್ವಂತ ಬೇರಿನಲ್ಲೇ 1945ರವರೆಗೆ ಏಗಿತು. ಆ ವರ್ಷದ ಫಸಲಿನ ನಂತರ ಬಳ್ಳಿಗಳನ್ನು ಕಿತ್ತರು. ಆ ಕೊನೆಯ ಫಸಲಿನ ಒಂದು ಬಾಟಲಿ 2018ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 5,58,000 ಡಾಲರಿಗೆ ಹೋಯಿತು. ನಾವು ಶಿಲುಬೆಯ ಬಳಿ ನಿಂತು ಪುಕ್ಕಟೆ ಗಾಳಿ ಕುಡಿದೆವು.

ಕುಡಿಯುವ ಮಾತು ಬಂತು. ಚಾಲಕನ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯಸಾರ ಮುಟ್ಟಿದರೆ ದಂಡ. ಅದಕ್ಕೇ ನೆಲಮಾಳಿಗೆಗಳಲ್ಲಿ ಉಗುಳಲೆಂದು ಪಾತ್ರೆ ಇಟ್ಟಿರುತ್ತಾರೆ. ಬಾಯಲ್ಲಿ ಹೊರಳಾಡಿಸಿ ಉಗುಳುವುದೇ ಅಲ್ಲಿ ಮರ್ಯಾದೆ; ಎಲೆಯಡಿಕೆಯ ನಾಡಿನವರಿಗೆ ಗುರಿ ಹೇಳಿಕೊಡಬೇಕಿಲ್ಲ. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಎಷ್ಟೋ ಬಾಗಿಲುಗಳು ಬಂದ್. ಸಸ್ಯಾಹಾರಿಗಳಿಗೆ ಗೂಜೇರ್ ಎಂಬ ಚೀಸ್ ಉಂಡೆಗಳೇ ಗತಿ. ಬಸವನಹುಳು ತಿನ್ನುವ ಧೈರ್ಯವಿದ್ದವರಿಗೆ ಯೋಚನೆಯಿಲ್ಲ.

ಬೋನ್ ಪಟ್ಟಣದಲ್ಲಿ ಬಣ್ಣಬಣ್ಣದ ಹೆಂಚಿನ ಚಾವಣಿಯ ಆಸ್ಪತ್ರೆಯಿದೆ. 1443ರಲ್ಲಿ ಬಡವರಿಗಾಗಿ ಸ್ಥಾಪನೆಯಾದ ಈ ಕಟ್ಟಡದಲ್ಲಿ 1971ರವರೆಗೂ ರೋಗಿಗಳಿದ್ದರು. ಭಕ್ತರು ದೇವಸ್ಥಾನಕ್ಕೆ ಗದ್ದೆ ಬಿಟ್ಟಂತೆ ದಾನಿಗಳು ಇದಕ್ಕೆ ದ್ರಾಕ್ಷಿತೋಟ ಬಿಟ್ಟರು. ಆ ತೋಟಗಳ ವೈನನ್ನು 1859ರಿಂದ ಹರಾಜು ಹಾಕುತ್ತ ಬಂದಿದ್ದಾರೆ. ಈಗ ಪ್ರತಿ ನವೆಂಬರಿನ ಮೂರನೆಯ ಭಾನುವಾರ.

ಪುಲಿನ್ಯಿ ದಾಟಿದ ಮೇಲೆ ಒಂದು ಟ್ರ್ಯಾಕ್ಟರ್ ಎದುರಾಯಿತು. ಬಳ್ಳಿಯ ಸಾಲಿನ ಆಚೆಗೊಂದು ಈಚೆಗೊಂದು ಕಾಲಿಟ್ಟು ನಡೆಯುವ, ಮಿಡತೆಯಂಥ ಎತ್ತರದ ಯಂತ್ರ. ಇಡೀ ರಸ್ತೆ ಅದರದೇ. ಹಿಂದೆ ಆರೇಳು ಕಾರುಗಳು ಸಾಲುಗಟ್ಟಿದವು. ಒಬ್ಬನೂ ಹಾರ್ನ್ ಒತ್ತಲಿಲ್ಲ. ಸಾಂತ್ನೆಯವರೆಗೂ ಅದರ ಹಿಂದೆಯೇ ಹೋದೆವು.